ನೀತಿಶಾಸ್ತ್ರದ ಅಧ್ಯಾಪಕ ಡಾ. ರಾಧಾಕೃಷ್ಣನ್

ಪ್ರತಿ ವರ್ಷ ಸೆಪ್ಟೆಂಬರ್ 5ರಂದು ನಮ್ಮ ಶಾಲೆಗಳಲ್ಲಿ ಶಿಕ್ಷಕರ ದಿನಾಚರಣೆ ನಡೆಯುತ್ತದೆ. ಅಂದು ಹತ್ತನೆಯ ತರಗತಿಯ ಹುಡುಗಿಯರು ಸೀರೆಯುಟ್ಟು, ಹುಡುಗರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಸೀಮೆಸುಣ್ಣ ಹಿಡಿದು ಕೆಳಗಿನ ತರಗತಿಗಳಿಗೆ ಪಾಠ ಹೇಳುತ್ತಾರೆ. ಪ್ರಾರ್ಥನೆಯ ವೇಳೆಯಲ್ಲಿ ಬಿಳಿಯ ರುಮಾಲು ಸುತ್ತಿ, ಕನ್ನಡಕ ಧರಿಸಿದ ಮಹನೀಯರೊಬ್ಬರ ಭಾವಚಿತ್ರಕ್ಕೆ ಹೂಮಾಲೆ ಹಾಕುತ್ತೇವೆ. ಅವರು ಯಾರೆಂದು ಕೇಳಿದರೆ ಐದನೆಯ ತರಗತಿಯ ಮಗುವೂ ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಎನ್ನುತ್ತದೆ. ಏನಾಗಿದ್ದರು ಎಂದರೆ ರಾಷ್ಟ್ರಪತಿಯಾಗಿದ್ದರು ಎನ್ನುತ್ತದೆ. ಆದರೆ ಅವರು ಯಾವ ವಿಷಯದ ಅಧ್ಯಾಪಕರಾಗಿದ್ದರು ಎಂದು ಕೇಳಿದಾಗ ದೊಡ್ಡ ತರಗತಿಯವರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಅವರು ಕಲಿಸಿದ್ದು ತತ್ತ್ವಶಾಸ್ತ್ರ. ಅದರಲ್ಲಿಯೂ ಅವರ ಮನಸ್ಸು ಮೊದಲಿನಿಂದ ಕೊನೆಯವರೆಗೆ ಸುತ್ತಿದ್ದು ನೀತಿಶಾಸ್ತ್ರದ ಸುತ್ತ. ಮನುಷ್ಯನು ಯಾವುದನ್ನು ಮಾಡಬೇಕು, ಯಾವುದನ್ನು ಮಾಡಬಾರದು, ಏಕೆ ಮಾಡಬಾರದು, ನೆರೆಯವನಿಗೆ ನಮ್ಮ ಮೇಲೆ ಇರುವ ಹಕ್ಕೇನು ಎಂಬ ಪ್ರಶ್ನೆಗಳನ್ನು ಕ್ರಮವಾಗಿ ಕೂತು ಯೋಚಿಸುವ ಶಾಸ್ತ್ರವದು. ಇಂಥದೊಂದು ವಿಷಯವನ್ನು ವಿಶ್ವವಿದ್ಯಾಲಯದಲ್ಲಿ ಓದಬಹುದೇ? ಓದಿದರೆ ಹೊಟ್ಟೆ ತುಂಬುತ್ತದೆಯೇ? ಓದಿದವರೆಲ್ಲ ಒಳ್ಳೆಯವರಾಗುತ್ತಾರೆಯೇ? ಈ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅವರ ಜೀವನವನ್ನು ಅವಲೋಕಿಸೋಣ.

ಜನನ ಮತ್ತು ಬಾಲ್ಯ

ರಾಧಾಕೃಷ್ಣನ್ ಅವರು 1888ರ ಸೆಪ್ಟೆಂಬರ್ 5ರಂದು ತಿರುತ್ತಣಿಯಲ್ಲಿ ಜನಿಸಿದರು. ಅವರ ಮನೆತನದವರು ಮೂಲತಃ ನೆಲ್ಲೂರು ಸೀಮೆಯ ಸರ್ವೇಪಲ್ಲಿ ಗ್ರಾಮದವರು. ಮನೆಮಾತು ತೆಲುಗು. ತಂದೆ ವೀರಾಸ್ವಾಮಿಯವರು ಜಮೀನುದಾರರೊಬ್ಬರ ಬಳಿ ಕಂದಾಯದ ಕೆಲಸದಲ್ಲಿದ್ದ ಚಿಕ್ಕ ನೌಕರರು. ಬರುವ ಸಂಬಳ ಕಡಿಮೆ, ಉಣ್ಣುವ ಬಾಯಿಗಳು ಹೆಚ್ಚು.

ಇಲ್ಲಿ ನಮ್ಮ ಗಡಿನಾಡಿನ ಮಕ್ಕಳು ಗಮನಿಸಬೇಕಾದ ಒಂದು ಸಂಗತಿಯಿದೆ. ತಿರುತ್ತಣಿಯೂ ನಮ್ಮ ಊರುಗಳಂತೆಯೇ ಗಡಿಯ ಊರು. ತೆಲುಗು ತಮಿಳು ಎರಡೂ ಅಲ್ಲಿನ ಬೀದಿಯ ಮಾತುಗಳು. 1956ರಲ್ಲಿ ಭಾಷಾವಾರು ಪ್ರಾಂತ್ಯಗಳು ರಚನೆಯಾದಾಗ ಅಲ್ಲಿಯವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಹಾಗೆಯೇ ಆಂಧ್ರದಲ್ಲಿದ್ದ ತಿರುತ್ತಣಿ 1960ರ ಏಪ್ರಿಲ್ 1ರಂದು ಮದ್ರಾಸು ರಾಜ್ಯಕ್ಕೆ ಸೇರಿತು. ಆಗ ರಾಧಾಕೃಷ್ಣನ್ ಅವರು ದೇಶದ ಉಪರಾಷ್ಟ್ರಪತಿಯಾಗಿದ್ದರು. ನಕ್ಷೆಯ ಗೆರೆ ಹುಟ್ಟಿದ ಊರನ್ನು ಆ ಕಡೆಗೋ ಈ ಕಡೆಗೋ ಹಾಕಬಹುದು. ವಿದ್ಯೆಗೆ ಆ ಗೆರೆ ಅಡ್ಡ ಬರುವುದಿಲ್ಲ ಎಂಬುದಕ್ಕೆ ಅವರ ಬಾಳೇ ನಿದರ್ಶನ.

ಬಾಲಕ ರಾಧಾಕೃಷ್ಣನ್ ತಿರುತ್ತಣಿಯಲ್ಲಿ ಅಕ್ಷರ ಕಲಿತು, ಅನಂತರ ತಿರುಪತಿಯ ಲೂಥರನ್ ಮಿಷನ್ ಶಾಲೆಗೆ ಸೇರಿದರು. ಅಲ್ಲಿಂದ ವೆಲ್ಲೂರಿನ ವೂರ್ಹಿಸ್ ಕಾಲೇಜಿಗೂ, ಕೊನೆಗೆ ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿಗೂ ಹೋದರು. ವಿದ್ಯಾರ್ಥಿವೇತನಗಳೇ ಅವರ ಓದಿಗೆ ಆಧಾರವಾಗಿದ್ದವು. ಅಂದಿನ ಪದ್ಧತಿಯಂತೆ ಚಿಕ್ಕ ವಯಸ್ಸಿನಲ್ಲಿಯೇ ಶಿವಕಾಮು ಎಂಬ ಬಾಲೆಯೊಡನೆ ವಿವಾಹವಾಯಿತು.

ಪುಸ್ತಕ ಸಿಕ್ಕಿತು, ವಿಷಯವೂ ಸಿಕ್ಕಿತು

ಬಿ.ಎ. ತರಗತಿಯಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕೆಂಬುದನ್ನು ರಾಧಾಕೃಷ್ಣನ್ ಬಹಳ ಚಿಂತಿಸಿ ನಿರ್ಧರಿಸಿದರೆಂದು ತಿಳಿಯಬೇಡಿ. ಅದೇ ಕಾಲೇಜಿನಲ್ಲಿ ಓದಿ ತೇರ್ಗಡೆಯಾದ ಅವರ ಬಂಧುವೊಬ್ಬರು ತಮ್ಮ ತತ್ತ್ವಶಾಸ್ತ್ರದ ಪುಸ್ತಕಗಳನ್ನು ಇವರಿಗೆ ಕೊಟ್ಟರು. ಹೊಸ ಪುಸ್ತಕ ಕೊಳ್ಳಲು ಹಣವಿರಲಿಲ್ಲ. ಕೈಗೆ ಬಂದ ಪುಸ್ತಕ ಯಾವುದೋ ಅದೇ ಓದಿನ ವಿಷಯವಾಯಿತು. ಬಡತನ ತೋರಿದ ದಾರಿಯಲ್ಲಿ ನಡೆದ ಆ ಹುಡುಗ ಮುಂದೆ ಅದೇ ದಾರಿಯಲ್ಲಿ ಆಕ್ಸ್‌ಫರ್ಡ್‌ವರೆಗೆ ಹೋದನು. ಹಿಂದಿನ ವರ್ಷ ಅಣ್ಣ ಓದಿದ ಪುಸ್ತಕವನ್ನು ಈ ವರ್ಷ ತಮ್ಮ ಓದುವುದು ನಮ್ಮ ಮನೆಗಳಲ್ಲಿ ಇಂದಿಗೂ ಉಂಟು. ಆದುದರಿಂದ ಹಳೆಯ ಪುಸ್ತಕವೆಂದು ಯಾರೂ ಮುಖ ಸಣ್ಣ ಮಾಡಬಾರದು.

ಕ್ರಿಶ್ಚಿಯನ್ ಕಾಲೇಜಿನ ಗುರುಗಳು ಪಂಡಿತರು. ಅವರಲ್ಲಿ ಎ. ಜಿ. ಹಾಗ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಪ್ರಾಧ್ಯಾಪಕರು ಮುಖ್ಯರು. ಹಿಂದೂ ಧರ್ಮದ ಮೇಲೆ, ವಿಶೇಷವಾಗಿ ವೇದಾಂತದ ಮೇಲೆ, ಅಂದಿನ ಮಿಷನರಿಗಳಲ್ಲಿ ಒಂದು ಬಲವಾದ ಆಕ್ಷೇಪಣೆಯಿತ್ತು. ಜಗತ್ತೇ ಮಾಯೆ ಎನ್ನುವವನಿಗೆ ಪಾಪವೇನು, ಪುಣ್ಯವೇನು? ಎದುರಿಗೆ ಹಸಿದು ನಿಂತವನೂ ಮಾಯೆಯಾದರೆ ಅವನಿಗೆ ಅನ್ನವಿಕ್ಕುವ ಹೊಣೆ ಎಲ್ಲಿಂದ ಬರುತ್ತದೆ? ಆದ್ದರಿಂದ ವೇದಾಂತದಲ್ಲಿ ನೀತಿಗೆ ಎಡೆಯಿಲ್ಲ ಎಂಬುದು ಆ ಆಕ್ಷೇಪಣೆಯ ಸಾರ.

ಈ ಮಾತು ತರುಣ ರಾಧಾಕೃಷ್ಣನ್ ಅವರನ್ನು ಚುಚ್ಚಿತು. ಚುಚ್ಚಿದಾಗ ಎರಡು ದಾರಿಗಳಿರುತ್ತವೆ. ಸಿಟ್ಟಿನಿಂದ ಜಗಳಕ್ಕೆ ನಿಲ್ಲುವುದು ಒಂದು. ಮಾತು ನಿಜವೋ ಸುಳ್ಳೋ ಎಂದು ಕೂತು ಪರೀಕ್ಷಿಸುವುದು ಇನ್ನೊಂದು. ಅವರು ಎರಡನೆಯದನ್ನು ಹಿಡಿದರು. ಎಂ.ಎ. ಪದವಿಗಾಗಿ ಬರೆಯಬೇಕಾಗಿದ್ದ ಪ್ರಬಂಧಕ್ಕೆ ವೇದಾಂತದ ನೀತಿಶಾಸ್ತ್ರವನ್ನೇ ವಿಷಯವಾಗಿ ಆರಿಸಿಕೊಂಡರು. ಜಗತ್ತು ಮಾಯೆ ಎಂದರೆ ಅದು ಇಲ್ಲವೇ ಇಲ್ಲವೆಂದು ಅರ್ಥವಲ್ಲ. ಅದು ತನ್ನ ಕಾಲ ಮೇಲೆ ತಾನು ನಿಂತದ್ದಲ್ಲ, ಬ್ರಹ್ಮವನ್ನು ಆಶ್ರಯಿಸಿ ನಿಂತದ್ದು ಎಂದು ಅರ್ಥ. ಎಲ್ಲರೊಳಗಿರುವ ಆತ್ಮ ಒಂದೇ ಎಂದು ಒಪ್ಪಿದವನಿಗೆ ನೆರೆಯವನ ನೋವು ಹೊರಗಿನದಾಗಿ ಉಳಿಯುವುದಿಲ್ಲ. ಹಾಗಾದರೆ ನೀತಿಗೆ ವೇದಾಂತದಲ್ಲಿ ಎಡೆಯಿಲ್ಲದಿರುವುದು ಹೇಗೆ? ಇದು ಅವರ ವಾದದ ತಿರುಳು.

ಈ ಪ್ರಬಂಧ 1908ರಲ್ಲಿ ಪುಸ್ತಕವಾಗಿ ಅಚ್ಚಾಯಿತು. ಬರೆದವರಿಗೆ ಆಗ ಇಪ್ಪತ್ತು ವರ್ಷ. ಗುರುಗಳ ಅಭಿಪ್ರಾಯಕ್ಕೆ ಎದುರಾಗಿ ಬರೆದಿದ್ದೇನೆ, ಏನೆನ್ನುತ್ತಾರೋ ಎಂಬ ಅಳುಕು ಶಿಷ್ಯನಿಗೆ ಇತ್ತು. ಆದರೆ ಹಾಗ್ ಅವರು ಅದನ್ನು ಓದಿ ಮೆಚ್ಚಿದರು. ಮುಖ್ಯ ಸಮಸ್ಯೆಯನ್ನು ಶಿಷ್ಯ ಚೆನ್ನಾಗಿ ಗ್ರಹಿಸಿದ್ದಾನೆಂದು ಬರೆದುಕೊಟ್ಟರು. ಶಿಷ್ಯನ ಧೈರ್ಯ ದೊಡ್ಡದೋ ಗುರುವಿನ ಔದಾರ್ಯ ದೊಡ್ಡದೋ ಹೇಳುವುದು ಕಷ್ಟ. ತನ್ನನ್ನು ವಿರೋಧಿಸಿದ ಉತ್ತರಪತ್ರಿಕೆಗೆ ನ್ಯಾಯವಾಗಿ ಅಂಕ ಕೊಡುವುದು ಅಧ್ಯಾಪಕನ ನೀತಿ. ಬೈಯದೆ, ಆಧಾರ ಕೊಟ್ಟು ವಿರೋಧಿಸುವುದು ವಿದ್ಯಾರ್ಥಿಯ ನೀತಿ. ನೀತಿಶಾಸ್ತ್ರದ ಆ ಪುಸ್ತಕಕ್ಕಿಂತ ಮೊದಲೇ ಆ ಇಬ್ಬರ ನಡತೆಯಲ್ಲಿ ನೀತಿಯ ಪಾಠ ನಡೆದುಹೋಗಿತ್ತು.

ಅಧ್ಯಾಪಕ ವೃತ್ತಿ

1909ರಲ್ಲಿ ಅವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದರು. ಸರ್ಕಾರದ ನಿಯಮದಂತೆ ಸೈದಾಪೇಟೆಯ ಶಿಕ್ಷಕರ ಕಾಲೇಜಿನಲ್ಲಿ ತರಬೇತಿಯನ್ನೂ ಪಡೆದರು. ಮುಂದೆ ಅನಂತಪುರ, ರಾಜಮಹೇಂದ್ರವರಗಳಿಗೆ ವರ್ಗವಾಯಿತು. ಈ ವರ್ಷಗಳಲ್ಲಿ ಉಪನಿಷತ್ತು, ಗೀತೆ, ಬ್ರಹ್ಮಸೂತ್ರಗಳ ಭಾಷ್ಯಗಳನ್ನೂ ಬೌದ್ಧ ಜೈನ ಗ್ರಂಥಗಳನ್ನೂ ಅಭ್ಯಾಸ ಮಾಡಿದರು. ಪ್ಲೇಟೋ, ಕಾಂಟ್ ಮೊದಲಾದ ಪಾಶ್ಚಾತ್ಯರನ್ನೂ ಬಿಡಲಿಲ್ಲ.

ಮೈಸೂರಿನ ಮೂರು ವರ್ಷ

1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಹೊಸ ವಿಶ್ವವಿದ್ಯಾಲಯಕ್ಕೆ ಒಳ್ಳೆಯ ಅಧ್ಯಾಪಕರು ಬೇಕಾಗಿದ್ದರು. 1918ರಲ್ಲಿ ಮೂವತ್ತು ವರ್ಷದ ರಾಧಾಕೃಷ್ಣನ್ ಮಹಾರಾಜಾ ಕಾಲೇಜಿಗೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು.

ಅಂದಿನ ಮಹಾರಾಜಾ ಕಾಲೇಜು ವಿದ್ವಾಂಸರ ಬೀಡು. ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಗಳನ್ನು ಇಂಗ್ಲಿಷಿನಲ್ಲಿ ಬರೆದು ಜಗತ್ತಿಗೆ ಪರಿಚಯಿಸಿದ ಎಂ. ಹಿರಿಯಣ್ಣನವರು ಅಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ತತ್ತ್ವಶಾಸ್ತ್ರದಲ್ಲಿ ಎ. ಆರ್. ವಾಡಿಯಾ ಅವರಿದ್ದರು. ಸ್ತ್ರೀಯರ ಸಮಾನತೆಯನ್ನು ನೀತಿಶಾಸ್ತ್ರದ ದೃಷ್ಟಿಯಿಂದ ವಿಚಾರಿಸಿ 1923ರಲ್ಲಿಯೇ ಗ್ರಂಥ ಬರೆದ ವಾಡಿಯಾ, ಮುಂದೆ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ನೀತಿಯ ಅಧ್ಯಯನ ಸಮಾಜ ಸೇವೆಯ ಶಿಕ್ಷಣಕ್ಕೆ ದಾರಿ ಮಾಡಿಕೊಡುತ್ತದೆ ಎಂಬುದಕ್ಕೆ ಇದೂ ಒಂದು ಉದಾಹರಣೆ.

ರಾಧಾಕೃಷ್ಣನ್ ಮೈಸೂರಿನಲ್ಲಿದ್ದದ್ದು ಕೇವಲ ಮೂರು ವರ್ಷ. ಅಷ್ಟರಲ್ಲಿ ರವೀಂದ್ರನಾಥ ಠಾಕೂರರ ತತ್ತ್ವವನ್ನು ಕುರಿತ ಅವರ ಗ್ರಂಥ 1918ರಲ್ಲಿಯೂ, ಸಮಕಾಲೀನ ತತ್ತ್ವಶಾಸ್ತ್ರದ ಮೇಲೆ ಮತಧರ್ಮದ ಪ್ರಭಾವವನ್ನು ಕುರಿತ ಗ್ರಂಥ 1920ರಲ್ಲಿಯೂ ಪ್ರಕಟವಾದವು. ವಿದೇಶದ ಪಂಡಿತರು ಮೈಸೂರಿನತ್ತ ಕಣ್ಣು ಹಾಯಿಸುವಂತಾಯಿತು. ಪಾಠ ಹೇಳುವಾಗ ಅವರು ಟಿಪ್ಪಣಿಯ ಹಾಳೆಗಳನ್ನು ನೋಡುತ್ತಿರಲಿಲ್ಲ. ಕಠಿಣ ವಿಷಯವನ್ನು ತಿಳಿಯಾದ ಮಾತಿನಲ್ಲಿ, ನೀರು ಹರಿದಂತೆ ಹೇಳುತ್ತಿದ್ದರು. ವಿದ್ಯಾರ್ಥಿಗಳಿಗೆ ಅವರ ಮನೆಯ ಬಾಗಿಲು ತೆರೆದಿರುತ್ತಿತ್ತು.

1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಸರ್ ಆಶುತೋಷ ಮುಖರ್ಜಿಯವರು ಅವರನ್ನು ಕರೆದರು. ಕೊಟ್ಟ ಪೀಠದ ಹೆಸರು ಮನಶ್ಶಾಸ್ತ್ರ ಮತ್ತು ನೀತಿಶಾಸ್ತ್ರಗಳ ಐದನೆಯ ಜಾರ್ಜ್ ಪೀಠ. ಇಲ್ಲೊಂದು ಸ್ವಾರಸ್ಯವಿದೆ. ಆ ಪೀಠದಲ್ಲಿದ್ದ ಬ್ರಜೇಂದ್ರನಾಥ ಸೀಲರು ಅದೇ ಸುಮಾರಿಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಂದರು. ಮೈಸೂರು ಒಬ್ಬ ತತ್ತ್ವಜ್ಞನನ್ನು ಕೊಟ್ಟು ಇನ್ನೊಬ್ಬ ತತ್ತ್ವಜ್ಞನನ್ನು ಪಡೆಯಿತು.

ರಾಧಾಕೃಷ್ಣನ್ ಹೊರಟ ದಿನದ ಸಂಗತಿ ಕನ್ನಡನಾಡಿನಲ್ಲಿ ಮನೆಮಾತಾಗಿದೆ. ಅವರನ್ನು ರೈಲು ನಿಲ್ದಾಣಕ್ಕೆ ಕರೆದೊಯ್ಯಲು ಬಂದ ಸಾರೋಟನ್ನು ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದರು. ಕುದುರೆಗಳನ್ನು ಬಿಚ್ಚಿ ತಾವೇ ನೊಗಕ್ಕೆ ಕೈಕೊಟ್ಟು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಮನೆಮಾತು ತೆಲುಗಿನ, ತಮಿಳು ಸೀಮೆಯಲ್ಲಿ ಓದಿದ, ಇಂಗ್ಲಿಷಿನಲ್ಲಿ ಪಾಠ ಹೇಳಿದ ಒಬ್ಬ ಅಧ್ಯಾಪಕನ ಬಂಡಿಗೆ ಕನ್ನಡದ ಮಕ್ಕಳು ಹೆಗಲು ಕೊಟ್ಟರು. ನಮ್ಮ ಮಕ್ತಲ, ನಾರಾಯಣಪೇಟೆ, ಗದ್ವಾಲಗಳಲ್ಲಿ ಮನೆಯಲ್ಲೊಂದು ಮಾತು, ಸಂತೆಯಲ್ಲೊಂದು ಮಾತು ಆಡಿ ಬೆಳೆಯುವ ಮಕ್ಕಳಿಗೆ ಇದರ ಬೆಲೆ ಬೇಗ ತಿಳಿಯುತ್ತದೆ.

ಕಲ್ಕತ್ತಾ ಮತ್ತು ಆಕ್ಸ್‌ಫರ್ಡ್

ಕಲ್ಕತ್ತೆಯಲ್ಲಿದ್ದಾಗ ಅವರ ಭಾರತೀಯ ದರ್ಶನಗಳ ಮಹಾಗ್ರಂಥದ ಮೊದಲ ಸಂಪುಟ 1923ರಲ್ಲಿಯೂ ಎರಡನೆಯದು 1927ರಲ್ಲಿಯೂ ಬಂದವು. 1926ರಲ್ಲಿ ಆಕ್ಸ್‌ಫರ್ಡಿನಲ್ಲಿ ಹಿಂದೂ ಜೀವನ ದೃಷ್ಟಿಯನ್ನು ಕುರಿತು ಉಪನ್ಯಾಸ ಮಾಡಿದರು. ಅದೇ ವರ್ಷ ಅಮೆರಿಕದ ಹಾರ್ವರ್ಡಿನಲ್ಲಿ ಸೇರಿದ ಅಂತರರಾಷ್ಟ್ರೀಯ ತತ್ತ್ವಶಾಸ್ತ್ರ ಸಮ್ಮೇಳನದಲ್ಲಿ ಮಾತನಾಡಿದರು. 1936ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು ಪೌರಸ್ತ್ಯ ಧರ್ಮಗಳು ಮತ್ತು ನೀತಿಶಾಸ್ತ್ರಕ್ಕಾಗಿ ಸ್ಪಾಲ್ಡಿಂಗ್ ಪೀಠವನ್ನು ಸ್ಥಾಪಿಸಿ ಅವರನ್ನೇ ಅದರ ಮೊದಲ ಪ್ರಾಧ್ಯಾಪಕರನ್ನಾಗಿ ಮಾಡಿತು. 1952ರವರೆಗೆ ಆ ಪೀಠ ಅವರದಾಗಿತ್ತು. ಮಿಷನರಿ ಕಾಲೇಜಿನಲ್ಲಿ ವೇದಾಂತಕ್ಕೆ ನೀತಿಯಿಲ್ಲ ಎಂಬ ಮಾತು ಕೇಳಿ ನೊಂದ ಹುಡುಗ, ಆಳುವವರ ದೇಶದ ಹಳೆಯ ವಿಶ್ವವಿದ್ಯಾಲಯದಲ್ಲಿ ಪೂರ್ವದೇಶಗಳ ನೀತಿಯನ್ನು ಬೋಧಿಸುವ ಗುರುವಾದನು.

ಮಹನೀಯರ ಚರಿತ್ರೆ ಬರೆಯುವಾಗ ಸಿಹಿಯನ್ನಷ್ಟೇ ಬಡಿಸುವುದು ನಮ್ಮಲ್ಲಿ ರೂಢಿ. ನೀತಿಶಾಸ್ತ್ರದ ಅಧ್ಯಾಪಕರ ವಿಷಯದಲ್ಲಿ ಹಾಗೆ ಮಾಡುವುದು ಸರಿಯಲ್ಲ. 1929ರಲ್ಲಿ ಜದುನಾಥ ಸಿನ್ಹ ಎಂಬ ವಿದ್ವಾಂಸರು, ತಮ್ಮ ಪ್ರಬಂಧದ ಭಾಗಗಳು ರಾಧಾಕೃಷ್ಣನ್ ಅವರ ಗ್ರಂಥದ ಎರಡನೆಯ ಸಂಪುಟದಲ್ಲಿ ಸೇರಿಕೊಂಡಿವೆ ಎಂದು ದೂರಿ ಕಲ್ಕತ್ತಾ ಹೈಕೋರ್ಟಿಗೆ ಹೋದರು. ರಾಧಾಕೃಷ್ಣನ್ ಅದನ್ನು ಅಲ್ಲಗಳೆದು ಮಾನನಷ್ಟದ ಪ್ರತಿದಾವೆ ಹೂಡಿದರು. 1933ರಲ್ಲಿ ಇಬ್ಬರೂ ನ್ಯಾಯಾಲಯದ ಹೊರಗೆ ರಾಜಿಯಾದರು. ತೀರ್ಪಾಗದ ಮೊಕದ್ದಮೆಗೆ ನಾವು ತೀರ್ಪು ಕೊಡಬಾರದು. ಆದರೆ ಅದರಿಂದ ಒಂದು ಪಾಠ ಕಲಿಯಬಹುದು. ಮತ್ತೊಬ್ಬರ ಮಾತನ್ನು ತೆಗೆದುಕೊಂಡಾಗ ಅದು ಯಾರದೆಂದು ಬರೆದಿಡಬೇಕು. ಪ್ರಬಂಧ ಸ್ಪರ್ಧೆಗೆ ಗೈಡಿನಿಂದಲೋ ಮೊಬೈಲಿನಿಂದಲೋ ಇಳಿಸಿ ತಂದು ಸ್ವಂತದ್ದೆಂದು ಒಪ್ಪಿಸುವ ಹುಡುಗನು ಸಣ್ಣದಾಗಿಯೇ ಈ ಹಳ್ಳದ ಅಂಚಿಗೆ ಬಂದಿರುತ್ತಾನೆ.

ಅವರ ವಿಚಾರಗಳನ್ನೆಲ್ಲ ಎಲ್ಲರೂ ಒಪ್ಪಿದರೆಂದೂ ಅಲ್ಲ. ಅಸ್ಪೃಶ್ಯತೆಯನ್ನು ಅವರು ಖಂಡಿಸಿದರು. ಆದರೆ ಹಳೆಯ ವರ್ಣವ್ಯವಸ್ಥೆಗೆ ಅವರು ಕೊಟ್ಟ ಮೃದುವಾದ ವಿವರಣೆ ನೊಂದ ಜನರ ನೋವನ್ನು ಪೂರ್ತಿ ಮುಟ್ಟುವುದಿಲ್ಲ ಎನ್ನುವವರು ಅಂದೂ ಇದ್ದರು, ಇಂದೂ ಇದ್ದಾರೆ. ಬಸವಣ್ಣನವರ ನಾಡಿನ ನಮಗೆ ಆ ಪ್ರಶ್ನೆ ಹೊಸದಲ್ಲ. ಗುರುವನ್ನು ಗೌರವಿಸುತ್ತಲೇ ಪ್ರಶ್ನಿಸುವುದನ್ನು ಅವರೇ ಇಪ್ಪತ್ತರ ವಯಸ್ಸಿನಲ್ಲಿ ಮಾಡಿ ತೋರಿಸಿದ್ದರಷ್ಟೆ.

ಕುಲಪತಿಯಾಗಿ

1931ರಿಂದ 1936ರವರೆಗೆ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯಕ್ಕೂ, 1939ರಿಂದ 1948ರವರೆಗೆ ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೂ ಅವರು ಕುಲಪತಿಗಳಾಗಿದ್ದರು. ಕಾಶಿಯಲ್ಲಿ ಪಂಡಿತ ಮದನಮೋಹನ ಮಾಳವೀಯರ ನಂತರ ಆ ಹೊಣೆ ಇವರ ಹೆಗಲಿಗೆ ಬಂತು. 1942ರ ಭಾರತ ಬಿಟ್ಟು ತೊಲಗಿ ಚಳವಳಿಯಲ್ಲಿ ಅಲ್ಲಿನ ವಿದ್ಯಾರ್ಥಿಗಳು ಧುಮುಕಿದರು. ಸರ್ಕಾರದ ಕೋಪ ವಿಶ್ವವಿದ್ಯಾಲಯದ ಮೇಲೆಯೇ ತಿರುಗಿತು. ಒಂದು ಕಡೆ ದೇಶಕ್ಕಾಗಿ ಬೀದಿಗಿಳಿದ ಮಕ್ಕಳು, ಇನ್ನೊಂದು ಕಡೆ ಬಾಗಿಲು ಮುಚ್ಚಿಸಲು ನಿಂತ ಅಧಿಕಾರ. ಅಂಥ ಹೊತ್ತಿನಲ್ಲಿ ಸಂಸ್ಥೆಯನ್ನು ಉಳಿಸಿಕೊಳ್ಳುವುದು ಪುಸ್ತಕದ ನೀತಿಯಲ್ಲ, ನಿಜವಾದ ಪರೀಕ್ಷೆ. ಅವರು ಅದನ್ನು ದಾಟಿಸಿದರು. ಅಲ್ಲಿ ಭಾನುವಾರಗಳಂದು ಅವರು ಮಾಡುತ್ತಿದ್ದ ಗೀತೆಯ ಉಪನ್ಯಾಸಗಳಿಗೆ ವಿದ್ಯಾರ್ಥಿಗಳೂ ಅಧ್ಯಾಪಕರೂ ಕೂಡಿ ಬರುತ್ತಿದ್ದರು.

ವಿಶ್ವವಿದ್ಯಾಲಯ ಶಿಕ್ಷಣ ಆಯೋಗ

ಸ್ವಾತಂತ್ರ್ಯ ಬಂದ ಮರುವರ್ಷ, 1948ರ ನವೆಂಬರಿನಲ್ಲಿ, ಭಾರತ ಸರ್ಕಾರವು ಅವರ ಅಧ್ಯಕ್ಷತೆಯಲ್ಲಿ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವನ್ನು ನೇಮಿಸಿತು. ಹೈದರಾಬಾದಿನಲ್ಲಿ ಜನಿಸಿ ಮುಂದೆ ರಾಷ್ಟ್ರಪತಿಯಾದ ಡಾ. ಜಾಕಿರ್ ಹುಸೇನ್, ವಿಜ್ಞಾನಿ ಮೇಘನಾದ ಸಹಾ, ವೈದ್ಯ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಮೊದಲಾದವರು ಅದರ ಸದಸ್ಯರು. 1949ರ ಆಗಸ್ಟಿನಲ್ಲಿ ವರದಿ ಸಿದ್ಧವಾಯಿತು.

ನಮ್ಮ ವಿಷಯಕ್ಕೆ ಈ ವರದಿ ಬಹಳ ಮುಖ್ಯ. ವೈದ್ಯನೋ ಇಂಜಿನಿಯರನೋ ವಕೀಲನೋ ಆಗಿ ಹೊರಬರುವ ತರುಣನು ಮನುಷ್ಯನೂ ಆಗಿ ಹೊರಬರಬೇಡವೇ ಎಂದು ಆಯೋಗ ಚಿಂತಿಸಿತು. ಪದವಿಯ ಮೂರು ವರ್ಷಗಳಿಗೆ ಒಂದು ಕ್ರಮವನ್ನು ಸೂಚಿಸಿತು. ಮೊದಲ ವರ್ಷ ಬುದ್ಧ, ಕನ್ಫ್ಯೂಷಿಯಸ್, ಸಾಕ್ರಟೀಸ್, ಏಸು, ಶಂಕರ, ರಾಮಾನುಜ, ಪೈಗಂಬರ್, ಕಬೀರ, ನಾನಕ, ಗಾಂಧಿ ಮುಂತಾದವರ ಜೀವನ ಚರಿತ್ರೆ. ಎರಡನೆಯ ವರ್ಷ ಎಲ್ಲ ಧರ್ಮಗ್ರಂಥಗಳಿಂದ ಆಯ್ದ, ಎಲ್ಲರಿಗೂ ಒಪ್ಪುವ ಭಾಗಗಳು. ಮೂರನೆಯ ವರ್ಷ ಧರ್ಮದ ತತ್ತ್ವವನ್ನು ಕುರಿತ ಮುಖ್ಯ ಸಮಸ್ಯೆಗಳ ವಿಚಾರ. ದಿನದ ಕೆಲಸಕ್ಕೆ ಮೊದಲು ಕೆಲವು ನಿಮಿಷ ಮೌನ ಧ್ಯಾನ. ಕ್ರಮವನ್ನು ಗಮನಿಸಿ: ಮೊದಲು ಬಾಳಿದವರ ಕಥೆ, ಆಮೇಲೆ ಮಾತು, ಕೊನೆಗೆ ತರ್ಕ. ಮಕ್ಕಳಿಗೆ ಅನ್ನ ಕಲಸಿ ಉಣ್ಣಿಸಿ, ಆಮೇಲೆ ತಾವೇ ಉಣ್ಣಲು ಬಿಟ್ಟು, ಕೊನೆಗೆ ಅಡುಗೆ ಕಲಿಸುವ ತಾಯಿಯ ರೀತಿಯಿದು. ಈ ಸಾಲಿಗೆ ನಮ್ಮ ಬಸವಣ್ಣ, ಅಕ್ಕಮಹಾದೇವಿ, ಕನಕದಾಸರನ್ನೂ ಸೇರಿಸಿ ಓದಿಕೊಂಡರೆ ಕನ್ನಡದ ಮಕ್ಕಳಿಗೆ ಅದು ಇನ್ನೂ ಹತ್ತಿರವಾಗುತ್ತದೆ.

ಆಯೋಗ ಇನ್ನೂ ಒಂದು ಮಾತನ್ನು ಹೇಳಿತು. ಉನ್ನತ ಶಿಕ್ಷಣವೂ ಪ್ರಾದೇಶಿಕ ಭಾಷೆಯಲ್ಲಿ ನಡೆಯಬೇಕು. ಜೊತೆಗೆ ಇಂಗ್ಲಿಷನ್ನೂ ಬಿಡಬಾರದು ಎಂದಿತು. ಜೀವನವಿಡೀ ಇಂಗ್ಲಿಷಿನಲ್ಲಿ ಬರೆದು ಕೀರ್ತಿ ಪಡೆದವರ ಅಧ್ಯಕ್ಷತೆಯಲ್ಲಿಯೇ ಈ ಸಲಹೆ ಬಂದದ್ದು ವಿಶೇಷ. ತಾಯ್ನುಡಿಯಲ್ಲಿ ಓದಿಸಿ ಮಕ್ಕಳನ್ನು ಹಿಂದೆ ಹಾಕಿದೆವೇನೋ ಎಂದು ಕೊರಗುವ ಪಾಲಕರು ಇದನ್ನು ನೆನೆಯಬೇಕು. ಆಯೋಗದ ಸಲಹೆಯಂತೆ ವಿಶ್ವವಿದ್ಯಾಲಯ ಅನುದಾನ ಆಯೋಗ 1953ರಲ್ಲಿ ಕೆಲಸ ಆರಂಭಿಸಿತು. ನೀತಿಶಿಕ್ಷಣದ ಸಲಹೆ ಮಾತ್ರ ಬಹುಕಾಲ ಹೆಚ್ಚಾಗಿ ಕಾಗದದಲ್ಲಿಯೇ ಉಳಿಯಿತು.

ಮಾಸ್ಕೋದಲ್ಲಿ ಅಶೋಕನ ನೆನಪು

1949ರಲ್ಲಿ ಅವರು ರಷ್ಯಾಕ್ಕೆ ಭಾರತದ ರಾಯಭಾರಿಯಾಗಿ ಹೋದರು. ಅಲ್ಲಿನ ಸರ್ವಾಧಿಕಾರಿ ಸ್ಟಾಲಿನ್ ವಿದೇಶಿಯರಿಗೆ ಸುಲಭವಾಗಿ ಭೇಟಿ ಕೊಡುತ್ತಿರಲಿಲ್ಲ. ರಾಧಾಕೃಷ್ಣನ್ ಅವರನ್ನು 1950ರಲ್ಲಿಯೂ, 1952ರಲ್ಲಿ ಬೀಳ್ಕೊಡುವಾಗಲೂ ಕಂಡರು. ರಕ್ತಮಯವಾದ ವಿಜಯದ ನಂತರ ಯುದ್ಧವನ್ನೇ ತ್ಯಜಿಸಿದ ಒಬ್ಬ ಸಾಮ್ರಾಟ ನಮ್ಮಲ್ಲಿದ್ದನೆಂದು ಅವರು ಸ್ಟಾಲಿನ್‌ಗೆ ನೆನಪಿಸಿದರು. ಆ ಸಾಮ್ರಾಟ ಅಶೋಕ. ನಮಗೆ ಅವನು ದೂರದವನಲ್ಲ. ಅವನ ಹೆಸರನ್ನೇ ಹೇಳುವ ಬಂಡೆಯ ಶಾಸನ 1915ರಲ್ಲಿ ದೊರೆತದ್ದು ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ನಮ್ಮ ಹೊಲಗಳಾಚೆಗಿನ ಬಂಡೆಯ ಮೇಲೆ ಹೆಸರು ಬರೆಸಿದವನ ನೀತಿಯನ್ನು ಅಧ್ಯಾಪಕರೊಬ್ಬರು ಕ್ರೆಮ್ಲಿನ್ ಅರಮನೆಯಲ್ಲಿ ಎತ್ತಿ ಹೇಳಿದರು. ಆಯುಧಗಳ ರಾಶಿಯ ನಡುವೆ ನಿಂತವನೆದುರು ಅಹಿಂಸೆಯ ಮಾತಾಡಲು ಎದೆ ಬೇಕು.

ರಾಷ್ಟ್ರಪತಿ ಪದವಿ

1952ರಿಂದ 1962ರವರೆಗೆ ಉಪರಾಷ್ಟ್ರಪತಿಗಳಾಗಿ ರಾಜ್ಯಸಭೆಯನ್ನು ನಡೆಸಿದರು. 1954ರಲ್ಲಿ ಭಾರತ ರತ್ನ ಪ್ರಶಸ್ತಿ ಬಂತು. 1956ರಲ್ಲಿ ಬಾಳಸಂಗಾತಿ ಶಿವಕಾಮು ತೀರಿಕೊಂಡರು. 1962ರಿಂದ 1967ರವರೆಗೆ ರಾಷ್ಟ್ರಪತಿಗಳಾಗಿದ್ದರು. ಆ ಐದು ವರ್ಷ ದೇಶಕ್ಕೆ ಕಷ್ಟಕಾಲ. 1962ರಲ್ಲಿ ಚೀನಾದೊಡನೆ, 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧವಾಯಿತು. 1964ರಲ್ಲಿ ನೆಹರೂ, 1966ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ನಿಧನರಾದರು. ರಾಷ್ಟ್ರಪತಿಯೆಂದರೆ ಸರ್ಕಾರ ಬರೆದುಕೊಟ್ಟದ್ದನ್ನು ಓದುವವರು ಎಂಬ ಭಾವನೆ ಜನರಲ್ಲಿತ್ತು. ಆದರೆ 1967ರ ಗಣರಾಜ್ಯೋತ್ಸವದ ಸಂದೇಶದಲ್ಲಿ ಅವರು ಆಡಳಿತದ ಅಸಮರ್ಥತೆಯನ್ನೂ ದೇಶದ ಸಂಪತ್ತಿನ ದುರ್ವ್ಯವಸ್ಥೆಯನ್ನೂ ಮುಚ್ಚುಮರೆಯಿಲ್ಲದೆ ಎತ್ತಿ ತೋರಿಸಿದರು. ತಪ್ಪನ್ನು ಕಂಡೂ ಸುಮ್ಮನಿರುವುದು ಅಧ್ಯಾಪಕನ ಸ್ವಭಾವವಲ್ಲ.

1962ರಲ್ಲಿ ಶಿಷ್ಯರೂ ಗೆಳೆಯರೂ ಅವರ ಹುಟ್ಟುಹಬ್ಬವನ್ನು ಆಚರಿಸಬೇಕೆಂದಾಗ, ತಮ್ಮೊಬ್ಬರದಾಗಿ ಬೇಡ, ಎಲ್ಲ ಶಿಕ್ಷಕರ ದಿನವಾಗಿ ಆಚರಿಸಿದರೆ ಸಂತೋಷವೆಂದರು. ಅಂದಿನಿಂದ ಸೆಪ್ಟೆಂಬರ್ 5 ನಮ್ಮೆಲ್ಲರ ಹಬ್ಬವಾಯಿತು. ನಿವೃತ್ತರಾಗಿ ಮದ್ರಾಸಿನಲ್ಲಿ ನೆಲೆಸಿದ ಅವರು 1975ರ ಏಪ್ರಿಲ್ 17ರಂದು ಕೊನೆಯುಸಿರೆಳೆದರು.

ಮೂರು ಪ್ರಶ್ನೆಗಳಿಗೆ ಉತ್ತರ

ಈಗ ಆರಂಭದ ಪ್ರಶ್ನೆಗಳಿಗೆ ಮರಳೋಣ. ನೀತಿಯನ್ನು ವಿಶ್ವವಿದ್ಯಾಲಯದಲ್ಲಿ ಓದಬಹುದೇ? ಓದಬಹುದು. ಜುರಾಲಾ ಕಾಲುವೆಯ ತಲೆಯಲ್ಲಿ ಹೊಲವಿರುವ ರೈತನಿಗೆ ನೀರು ಮೊದಲು ಸಿಗುತ್ತದೆ. ತೂಬು ಎತ್ತಿಟ್ಟುಕೊಂಡರೆ ಕೇಳುವವರಿಲ್ಲ. ಕೊನೆಯ ಹೊಲದವನ ಪೈರು ಒಣಗುತ್ತದೆ. ಮೊದಲಿನವನು ನೀರು ಬಿಡಬೇಕಾದದ್ದು ಕಾನೂನಿಗೆ ಹೆದರಿಯೋ, ನಾಳೆ ತನಗೂ ಅವನ ಸಹಾಯ ಬೇಕಾದೀತೆಂದೋ, ಅವನೂ ತನ್ನಂತೆಯೇ ಮನುಷ್ಯನೆಂದೋ? ನಾರಾಯಣಪೇಟೆಯ ಮಗ್ಗದಲ್ಲಿ ಎಳೆ ತಪ್ಪಿದ ಸೀರೆಯನ್ನು ಮಡಿಕೆಯೊಳಗೆ ಮುಚ್ಚಿ ಮಾರಬಹುದೇ? ಇವನ್ನು ಬಿಡಿಸಿ ಬಿಡಿಸಿ ನೋಡುವುದೇ ನೀತಿಶಾಸ್ತ್ರ. ನಮ್ಮ ದಿನನಿತ್ಯದ ಬದುಕೇ ಅದರ ಪ್ರಯೋಗಶಾಲೆ.

ಹೊಟ್ಟೆ ತುಂಬುತ್ತದೆಯೇ ಎಂಬುದು ಪಾಲಕರ ನ್ಯಾಯವಾದ ಪ್ರಶ್ನೆ. ತತ್ತ್ವಶಾಸ್ತ್ರ ಓದಿದ ಎಲ್ಲರೂ ರಾಷ್ಟ್ರಪತಿಗಳಾಗುವುದಿಲ್ಲ. ಆದರೆ ಈಗ ಕಾಲವೂ ಸ್ವಲ್ಪ ತಿರುಗಿದೆ. 2013ರಿಂದ ಐ.ಎ.ಎಸ್. ಮುಖ್ಯ ಪರೀಕ್ಷೆಯಲ್ಲಿ ನೀತಿ, ಪ್ರಾಮಾಣಿಕತೆಗಳಿಗಾಗಿಯೇ 250 ಅಂಕಗಳ ಒಂದು ಪತ್ರಿಕೆ ಸೇರಿದೆ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮಾನವೀಯ ಮೌಲ್ಯಗಳ ಪಾಠ ಬಂದಿದೆ. ಇತಿಹಾಸ, ಸಮಾಜಶಾಸ್ತ್ರ, ತತ್ತ್ವಶಾಸ್ತ್ರಗಳನ್ನು ಓದಲು ಬಯಸುವ ಮಗುವನ್ನು ಅದು ಕೆಲಸಕ್ಕೆ ಬಾರದ ಓದೆಂದು ಗದರಿಸಬೇಡಿ.

ಓದಿದವರೆಲ್ಲ ಒಳ್ಳೆಯವರಾಗುತ್ತಾರೆಯೇ? ಇಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ನೀತಿಯಲ್ಲಿ ನೂರಕ್ಕೆ ನೂರು ಅಂಕ ಪಡೆದವನು ಮರುದಿನ ಲಂಚಕ್ಕೆ ಕೈಚಾಚಬಹುದು. ಓದು ದೀಪದಂತೆ. ಹಳ್ಳ ಎಲ್ಲಿದೆಯೆಂದು ಅದು ತೋರಿಸುತ್ತದೆ. ಕಾಲೆತ್ತಿ ದಾಟಬೇಕಾದವರು ನಾವೇ. ದೀಪವಿಲ್ಲದವನು ಬಿದ್ದರೆ ಅಯ್ಯೋ ಎನ್ನಬಹುದು. ದೀಪ ಹಿಡಿದೂ ಬಿದ್ದವನು ಯಾರನ್ನು ದೂರಬೇಕು?

ವಿದ್ಯಾರ್ಥಿಗಳೇ, ಈ ಶಾಲೆಯ ಮೆಟ್ಟಿಲಿಳಿದು ನೀವು ರಾಯಚೂರಿಗೋ ಗದ್ವಾಲಕ್ಕೋ ಹೈದರಾಬಾದಿಗೋ ಕಾಲೇಜಿಗೆ ಹೋಗುವಿರಿ. ಅಲ್ಲಿ ನಿಮ್ಮ ಭಾಷೆಯನ್ನೋ ಊರನ್ನೋ ಆಡಿಕೊಳ್ಳುವವರು ಸಿಗಬಹುದು. ಆಗ ತಿರುತ್ತಣಿಯ ಬಡ ಹುಡುಗನನ್ನು ನೆನೆಯಿರಿ. ಅವನು ಚುಚ್ಚುಮಾತಿಗೆ ಚುಚ್ಚುಮಾತನ್ನು ಹಿಂತಿರುಗಿಸಲಿಲ್ಲ. ಓದಿ ಉತ್ತರ ಬರೆದನು. ಮುಂದಿನ ಸೆಪ್ಟೆಂಬರ್ 5ರಂದು ಆ ಭಾವಚಿತ್ರಕ್ಕೆ ಮಾಲೆ ಹಾಕುವಾಗ ರಾಷ್ಟ್ರಪತಿಯೆಂದು ಮಾತ್ರವಲ್ಲ, ನೀತಿಶಾಸ್ತ್ರದ ಅಧ್ಯಾಪಕರೆಂದೂ ಅವರನ್ನು ಸ್ಮರಿಸೋಣ. ಆ ದಿನ ನಮ್ಮಲ್ಲಿ ಒಬ್ಬನಾದರೂ ನಕಲು ಮಾಡದೆ ಪರೀಕ್ಷೆ ಬರೆಯಲು ನಿಶ್ಚಯಿಸಿದರೆ, ಹಾಕಿದ ಮಾಲೆ ಸಾರ್ಥಕ.